ಹತಾರಕ್ಕೆ ದುಡ್ಡು ಬಂತು, ಕೂಡಲು ಜಾಗವೆಲ್ಲಿ?

ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಕಾರ್ಖಾನೆ ಎಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ. 1939ರಲ್ಲಿ ಶಿರಗಾಂವಕರ ಮನೆತನದವರು ಸ್ಥಾಪಿಸಿದ ಸಕ್ಕರೆ ಕಾರ್ಖಾನೆಯೇ ಊರಿನ ಗುರುತು. ಹಂಗಾಮು ಶುರುವಾಯಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯನ್ನೇ ಹಿಡಿಯುತ್ತವೆ. ಅದೇ ಸೀಮೆಯಲ್ಲಿ ಇನ್ನೊಂದು ಉದ್ಯಮವಿದೆ. ಅದಕ್ಕೆ ಚಿಮಣಿ ಇಲ್ಲ, ಗೇಟಿಲ್ಲ, ಪಾಳಿಯ ಭೋಂಗಾ ಇಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಸಮಗಾರರ ಮನೆಗಳ ಪಡಸಾಲೆಯಲ್ಲಿ, ಬಾಗಿಲಿನ ಬೆಳಕು ಬೀಳುವಷ್ಟು ಜಾಗದಲ್ಲಿ ಅದು ನಡೆಯುತ್ತದೆ. ಅಲ್ಲಿ ತಯಾರಾಗುವ ಚಪ್ಪಲಿಗೆ ಜಗತ್ತು ಇಟ್ಟುಕೊಂಡ ಹೆಸರು ಕೊಲ್ಹಾಪುರಿ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿ ತೊಡಿಸಿ ರೂಪದರ್ಶಿಗಳನ್ನು ನಡೆಸಿತು, ಮೂಲ ಮಾತ್ರ ಹೇಳಲಿಲ್ಲ. ಗದ್ದಲವಾಯಿತು. ಕಂಪನಿ ಮೂಲ ಒಪ್ಪಿಕೊಂಡಿತು. ಈ ಗದ್ದಲದಲ್ಲಿ ಕೊಲ್ಹಾಪುರದ ಹೆಸರಷ್ಟೇ ಕೇಳಿಬರುತ್ತಿದ್ದಾಗ ಸಚಿವ ಪ್ರಿಯಾಂಕ್ ಖರ್ಗೆ, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳೂ ತಲೆಮಾರುಗಳಿಂದ ಇದನ್ನೇ ಮಾಡುತ್ತ ಬಂದವರು ಎಂದು ನೆನಪಿಸಬೇಕಾಯಿತು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಮಾನ್ಯತೆಯಲ್ಲೂ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇವೆ. 2025ರ ಡಿಸೆಂಬರ್ ಹೊತ್ತಿಗೆ ಪ್ರಾಡಾ, ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡು ಸಾವಿರ ಜೋಡಿ ಇಲ್ಲಿಯೇ ಮಾಡಿಸುವುದಾಗಿ ಘೋಷಿಸಿತು. ಜೋಡಿಗೆ ಸುಮಾರು 800 ಯೂರೋ. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿ ದಾಟುತ್ತದೆ.

ಇಷ್ಟೆಲ್ಲ ಮಾತಿನಲ್ಲಿ ಒಂದು ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಈ ಚಪ್ಪಲಿ ಹೊಲಿಯುವವರು ಎಲ್ಲಿ ಕೂಡುತ್ತಾರೆ?

ಹತಾರಕ್ಕೆ ಸರ್ಕಾರದ ಬಳಿ ದುಡ್ಡಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಕೆಲಸವೂ ಒಂದು. ಹತಾರಕ್ಕೆ 15 ಸಾವಿರ ರೂಪಾಯಿ, ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ನಂತರ ಎರಡು ಲಕ್ಷ ಸಾಲ. ಒಳ್ಳೆಯದೇ. ಆದರೆ ಈ ಕಸುಬಿನಲ್ಲಿ ಹತಾರದ ಕೊರತೆಗಿಂತ ದೊಡ್ಡದು ಜಾಗದ ಕೊರತೆ. ರಂಪಿ, ಉಳಿ, ಆರಿ, ಕೊಡತಿ, ಒಂದು ಕಲ್ಲು: ಕೈಕೆಲಸದ ಸಾಮಾನು ಇಷ್ಟೇ. ಎಲ್ಲ ಸೇರಿ ಒಂದು ಡಬ್ಬಿಯಲ್ಲಿ ಹಿಡಿಯುತ್ತವೆ, ಕಲ್ಲೊಂದನ್ನು ಬಿಟ್ಟು. ಹಿಡಿಯದೇ ಇರುವುದು ತೊಗಲು. ಎಮ್ಮೆಯ ಅರ್ಧ ತೊಗಲು ಬಿಚ್ಚಿ ಹಾಸಿದರೆ ಮಂಚದಷ್ಟು ಜಾಗ ಬೇಕು. ಅದನ್ನು ಹಾಸಿದಾಗ ಮನೆಯವರು ಗೋಡೆಗೆ ಆನಿಕೊಂಡು ದಾಟುತ್ತಾರೆ.

ಹಾಗೆಂದು ಈ ಕೆಲಸಕ್ಕೆ ದೊಡ್ಡ ಶೆಡ್ಡೇ ಬೇಕೆಂದಲ್ಲ. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂಡಲು ನಾಲ್ಕಡಿ ಉದ್ದ, ನಾಲ್ಕಡಿ ಅಗಲ ಸಾಕು. ಎದುರುಬದುರು ಇಬ್ಬರು ಕೂಡಲು ಇನ್ನೆರಡು ಅಡಿ. ಮಾಡಬೇಕಾದ್ದೇನಿದ್ದರೂ ಆ ನಾಲ್ಕಡಿಯನ್ನು ಸರಿಯಾಗಿ ಕಟ್ಟಿಕೊಳ್ಳುವುದು. ಪಡಸಾಲೆಯಲ್ಲಿ ಮೊದಲು ಆರಿಸಬೇಕಾದ್ದು ಕಿಟಕಿ. ಉತ್ತರದ ಕಿಟಕಿಯಾದರೆ ಇಡೀ ದಿನ ಒಂದೇ ಹದದ ಬೆಳಕು, ಬಿಸಿಲಿನ ಕಾಟ ಕಡಿಮೆ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳೇ ಹೊಲಿಗೆಯ ಮೇಲೆ ಬೀಳುತ್ತದೆ. ಆಮೇಲೆ ಕಲ್ಲು. ಮನೆಗೆ ಹಾಸುವ ಶಹಾಬಾದ ಫರಸಿ ಇದಕ್ಕೆ ಆಗಿಬರುವುದಿಲ್ಲ, ಕೊಡತಿಯ ಏಟಿಗೆ ಸೀಳುತ್ತದೆ. ಗ್ರಾನೈಟ್ ಅಂಗಡಿಯಲ್ಲಿ ಸಿಂಕ್ ಕೂರಿಸಲು ಕೊರೆದು ತೆಗೆದ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಕೇಳಿದರೆ ಸಿಗುತ್ತವೆ, ಚೌಕಾಸಿಗೂ ಅವಕಾಶವುಂಟು. ಕಲ್ಲಿನ ಕೆಳಗೆ ನಾಲ್ಕು ಮಡಿಕೆ ಗೋಣಿತಟ್ಟು ಹಾಸಿದರೆ ಬಡಿತದ ಸದ್ದು ಪಕ್ಕದ ಮನೆಗೆ ಅಷ್ಟು ಮುಟ್ಟುವುದಿಲ್ಲ. ತೂತು ಹೊಡೆಯುವುದನ್ನು ಮಾತ್ರ ಕಲ್ಲಿನ ಮೇಲೆ ಮಾಡಬಾರದು. ಉಳಿಯ ಬಾಯಿ ಮುರಿಯುತ್ತದೆ. ಅದಕ್ಕೆ ಹುಣಸೆ ಕೊರಡಿನ ಒಂದು ಬಿಲ್ಲೆ, ಅದರ ಅಡ್ಡಕೊಯ್ತದ ಮುಖ ಮೇಲಾಗಿ.

ತೊಗಲನ್ನು ಒದ್ದೆ ಮಾಡಿ, ಕಲ್ಲಿನ ಮೇಲಿಟ್ಟು ಬಡಿದು ಬಿಗಿಗೊಳಿಸುತ್ತಾರೆ. ಅಳತೆ ಇಟ್ಟು ರಂಪಿಯಿಂದ ಅಟ್ಟೆ ಕೊಯ್ಯುತ್ತಾರೆ. ಮೇಲಟ್ಟೆ, ಕೆಳಗಟ್ಟೆಗಳ ನಡುವೆ ಎರಡೂ ಬದಿಯ ಕಿವಿಗಳನ್ನು ಸಿಕ್ಕಿಸಿ, ತೊಗಲಿನದೇ ಎಳೆಯಿಂದ ಹೊಲಿಯುತ್ತಾರೆ. ಮೊಳೆ ಇಲ್ಲ. ಪಟ್ಟಿಯ ಮೇಲಿನ ಜಡೆ, ಹೆಬ್ಬೆರಳಿನ ಕುಣಿಕೆ, ಸಣ್ಣ ಸಣ್ಣ ತೂತಿನ ಚಿತ್ತಾರ ಇವೆಲ್ಲ ಕೊನೆಗೆ. ಅವು ಹೆಚ್ಚಾಗಿ ಹೆಣ್ಣುಮಕ್ಕಳ ಕೈಯವು. ಗಮನಿಸಿ ನೋಡಿದರೆ ಇದರಲ್ಲಿ ಬಡಿಯುವ ಕೆಲಸಕ್ಕೆ ಒಂದು ಜಾಗ, ಕೊಯ್ಯುವುದಕ್ಕೆ ಒಂದು, ಹೆಣೆಯುವುದಕ್ಕೆ ಇನ್ನೊಂದು ಇರಬೇಕು. ಮೂರನ್ನೂ ಒಂದೇ ಕಡೆ ಮಾಡುವುದರಿಂದಲೇ ಅರ್ಧ ಹೊತ್ತು ಸಾಮಾನು ಸರಿಸುವುದರಲ್ಲಿ ಹೋಗುತ್ತದೆ. ಗೋಡೆಗೆ ನಾಲ್ಕು ಗೂಟ, ಒಂದು ಮಡಚುವ ಹಲಗೆ, ಹಳೆಯ ಮನೆಯಾದರೆ ಕೈಗೆಟುಕುವ ಒಂದು ಮಾಡ. ಇಷ್ಟಿದ್ದರೆ ಆ ಸರಿಸಾಟ ತಪ್ಪುತ್ತದೆ.

ಜಾಗದ ಕೊರತೆಗಿಂತಲೂ ತೊಗಲನ್ನು ಹೆಚ್ಚು ಕೆಡಿಸುವುದು ತೇವ. ಕೊಲ್ಹಾಪುರಿಗೆ ಬಳಸುವ ತೊಗಲು ಜಾಲಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ಹದವಾದದ್ದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮಡಚಿಟ್ಟರೆ ಗೆರೆ ಮೂಡುತ್ತದೆ. ಸುತ್ತಿ, ಹತ್ತಿಬಟ್ಟೆ ಹೊದಿಸಿ, ನೆಲದಿಂದ ಮೇಲಕ್ಕೆ ಇಡಬೇಕು. ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ: ಒದ್ದೆ ತೊಗಲು ಕಬ್ಬಿಣ ಮುಟ್ಟಿದರೆ ಕಪ್ಪು ಕಲೆ ಬೀಳುತ್ತದೆ, ತೊಳೆದರೆ ಹೋಗುವುದಿಲ್ಲ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ ಇಲ್ಲಿಯೂ ನಡೆಯುತ್ತದೆ. ಜಾಗವಿಲ್ಲವೆಂದು ಒದ್ದೆ ಅಟ್ಟೆಗಳನ್ನು ಕಬ್ಬಿಣದ ಟ್ರಂಕಿನ ಮೇಲೆ ಆರಲು ಹಾಕಿದವರಿಗೆ ಇದರ ಪರಿಚಯವಿದೆ. ಬಿಸಿಲಿಗೆ ಹಾಕಿದರೂ ಕೆಡುಕೇ: ಒಣಗಿದ ಅಟ್ಟೆ ಹಪ್ಪಳದ ಹಾಗೆ ಸೆಟೆಯುತ್ತದೆ. ನೆರಳು ಬೇಕು, ಗಾಳಿಯೂ ಬೇಕು. ಒಂದೇ ಕೋಣೆಯ ಮನೆಯಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ.

ಕೃಷ್ಣೆಯ ದಂಡೆಯವರಿಗೆ ತೇವದ ಮಾತು ಹೇಳಿಕೊಡಬೇಕಿಲ್ಲ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ ಮಳೆ ಕಡಿಮೆ, ಆದರೆ ಘಟ್ಟದಲ್ಲಿ ಸುರಿದದ್ದು ಇಲ್ಲಿ ಮನೆಯೊಳಗೆ ಬರುತ್ತದೆ. 2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಬಂದ ಮಹಾಪೂರ ಇನ್ನೂ ಮರೆತಿಲ್ಲ. ಮನೆಯೇ ಗೋದಾಮಾದವನಿಗೆ ಗೋಡೆ ಬಿದ್ದರೆ ಮನೆಯ ಪರಿಹಾರ ಸಿಗಬಹುದು. ನೆನೆದ ತೊಗಲು ಯಾವ ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ಇನ್ನು ಅಂಟು. ಸಾಂಪ್ರದಾಯಿಕ ಚಪ್ಪಲಿ ಹೊಲಿಗೆಯ ಮೇಲೆಯೇ ನಿಂತದ್ದು. ಈಗ ಬೇಗ ಮುಗಿಸಲು ರಬ್ಬರ್ ಅಂಟು ಬಳಸುವವರಿದ್ದಾರೆ. ಅದರ ಆವಿ ತಲೆಗೇರುತ್ತದೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಅಡುಗೆ ಒಲೆ ಹತ್ತಡಿಯಲ್ಲೇ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅಂಟಿನ ಕೆಲಸ ಕಟ್ಟೆಯ ಮೇಲೆ, ಬಯಲಲ್ಲಿ ಆಗಬೇಕು. ರಂಪಿ, ಆರಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಬೇಕು.

ಮನೆಯಲ್ಲಿ ತೊಗಲಿನ ಕೆಲಸ ಎಂದ ತಕ್ಷಣ ಮೂಗು ಮುಚ್ಚಿಕೊಳ್ಳುವವರು ಒಂದು ವ್ಯತ್ಯಾಸ ತಿಳಿದುಕೊಂಡರೆ ಒಳ್ಳೆಯದು. ಹಸಿ ತೊಗಲು ಹದ ಮಾಡುವುದು ಬೇರೆ ಕಸುಬು. ಈ ಸೀಮೆಯಲ್ಲಿ ಅದು ಡೋರ ಸಮುದಾಯದವರದು. ಅದಕ್ಕೆ ನೀರು ಬೇಕು, ಹೊಂಡ ಬೇಕು, ವಾಸನೆಯೂ ಉಂಟು. ಅದನ್ನು ವಸತಿಯಿಂದ ದೂರವೇ ಇಡಬೇಕು. ಹದವಾದ ತೊಗಲು ಮನೆಗೆ ಬಂದ ಮೇಲೆ ನಡೆಯುವುದು ಕೊಯ್ಯುವುದು, ಹೊಲಿಯುವುದು, ಹೆಣೆಯುವುದು. ಅದರಿಂದ ಬರುವುದು ಒಗರು ವಾಸನೆ, ಬ್ಯಾಗಿನ ಅಂಗಡಿಯಲ್ಲಿ ಜನ ಮೂಗಿಗೆ ಹಿಡಿದು ಮೆಚ್ಚುವಂಥದ್ದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪರ್ಸು, ಬೆಲ್ಟು ಹೊಲಿದರೆ ಅದು ಹವ್ಯಾಸ. ತಾಲ್ಲೂಕು ಊರಿನಲ್ಲಿ ಅದೇ ಕೆಲಸ ಮಾಡುವವನಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕಾರಣ ವಾಸನೆಯಲ್ಲ, ಜಾತಿ. ಅದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ.

ಮನೆಯೊಳಗಿನ ಈ ಜಾಗ ಹೆಂಗಸರಿಗೆ ಏನು ಎಂಬುದಕ್ಕೆ ಅಥಣಿಯಲ್ಲೇ ಉದಾಹರಣೆಯಿದೆ. ಮಧುರಾ ಛತ್ರಪತಿ ಅವರ ಅಸೆಂಟ್ ಸಂಸ್ಥೆ ಅಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿ, ‘ಟೋಹೋಲ್ಡ್’ ಹೆಸರಿನಲ್ಲಿ ಚಪ್ಪಲಿಗಳನ್ನು ಹೊರದೇಶಕ್ಕೆ ಕಳಿಸಿತು. ಅಲ್ಲಿಯವರೆಗೆ ಜಡೆ ಹೆಣೆದ ಕೈಗೆ ಕೂಲಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಅದು ಮನೆಗೆಲಸದ ಖಾತೆಗೆ ಸೇರಿಹೋಗುತ್ತಿತ್ತು. ಸಂಘ ಬಂದ ಮೇಲೆ ಆ ಕೆಲಸಕ್ಕೆ ಬೆಲೆ ಕಟ್ಟಿದರು, ಹಣ ಹೆಂಗಸರ ಹೆಸರಿಗೆ ಬಂತು. ಹೆಣಿಕೆ ಮಾತ್ರ ಅದೇ ಪಡಸಾಲೆಯಲ್ಲಿ ಮುಂದುವರಿಯಿತು.

ಸಾಮೂಹಿಕ ಸೌಲಭ್ಯ ಕೇಂದ್ರ ಕಟ್ಟಿದರೆ ಮುಗಿಯಿತಲ್ಲ ಎನ್ನುವವರ ವಾದ ತಳ್ಳಿಹಾಕುವಂಥದ್ದಲ್ಲ. ತೊಗಲು ಸೀಳುವ ಯಂತ್ರ, ಅಟ್ಟೆ ಒತ್ತುವ ಪ್ರೆಸ್ಸು ಮನೆಯಲ್ಲಿ ಇಡುವ ಸಾಮಾನಲ್ಲ. ಮನೆಯಲ್ಲೇ ಕೆಲಸವಾದರೆ ಶಾಲೆ ಬಿಟ್ಟು ಮಕ್ಕಳು ಕೈಜೋಡಿಸುವ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಆದರೆ ದಿನಕ್ಕೆ ಎಂಟು ತಾಸು ಕೇಂದ್ರಕ್ಕೆ ಹೋಗಿ ಕೂಡಲು ಒಲೆ, ನೀರು, ಕೂಸು ನೋಡಿಕೊಳ್ಳುವ ಹೆಂಗಸಿಗೆ ಆಗುವುದಿಲ್ಲ. ಯಂತ್ರ ಕೇಂದ್ರದಲ್ಲಿರಲಿ, ಕೈಕೆಲಸ ಮನೆಯಲ್ಲಿರಲಿ. ಎರಡಕ್ಕೂ ದುಡ್ಡು ಇಡಬೇಕು. ಈಗ ಸೌಲಭ್ಯ ಕೇಂದ್ರದ ಮಾತಷ್ಟೇ ನಡೆದಿದೆ.

ನೇಕಾರರಿಗೆ ಈ ನ್ಯಾಯ ಆಗಲೇ ಸಿಕ್ಕಿದೆ. ಕೇಂದ್ರ ಸರ್ಕಾರದ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಮನೆಗೆ ಹೊಂದಿದ ಕಾರ್ಯಾಗಾರ ಕಟ್ಟಿಕೊಳ್ಳಲು ನೆರವು ಇದೆ. ಮಗ್ಗಕ್ಕೆ ಗುಂಡಿ ಬೇಕು, ಜಾಗ ಬೇಕು ಎಂದು ಸರ್ಕಾರ ಒಪ್ಪಿದೆ. 1976ರಲ್ಲಿ ಹುಟ್ಟಿದ ಲಿಡ್ಕರ್ ಕೂಡ ವಸತಿ ಸಹಿತ ಕಾರ್ಯಾಗಾರದ ಕಲ್ಪನೆಯನ್ನು ಬಲ್ಲದು, ಅಂಥವನ್ನು ಕಟ್ಟಿಸಿದ್ದೂ ಉಂಟು. ಹಾಗಾಗಿ ಇದು ಹೊಸ ಬೇಡಿಕೆಯಲ್ಲ, ನಿಂತುಹೋದದ್ದನ್ನು ಮುಂದುವರಿಸಿ ಎನ್ನುವ ಬೇಡಿಕೆ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅದರಲ್ಲಿ ಸ್ವಚ್ಛವಾಗಿ ಅಡುಗೆ ಮಾಡುವ ಜಾಗವೂ ಸೇರಿರಬೇಕು ಎಂದು ನಿಯಮವಿದೆ. ಸುಮಾರು 270 ಚದರಡಿ. ಒಲೆಗೆ ಜಾಗ ಬೇಕೆಂದು ನಿಯಮ ಬರೆದವರಿಗೆ ಹೊಳೆಯಿತು, ಒಲೆ ಉರಿಸುವ ದುಡಿಮೆಗೂ ಜಾಗ ಬೇಕೆಂದು ಹೊಳೆಯಲಿಲ್ಲ. ಕುಶಲಕರ್ಮಿ ಎಂದು ನೋಂದಾಯಿಸಿಕೊಂಡ ಕುಟುಂಬಕ್ಕೆ ಇನ್ನೊಂದು ಅರವತ್ತು ಚದರಡಿಯ ಕಟ್ಟೆ, ಉತ್ತರಕ್ಕೊಂದು ಕಿಟಕಿ, ನೆರೆಯ ನೀರು ಮುಟ್ಟದ ಎತ್ತರದಲ್ಲಿ ಒಂದು ಅಟ್ಟ, ಇವಿಷ್ಟಕ್ಕೆ ಪ್ರತ್ಯೇಕ ಮೊತ್ತ ಸೇರಿಸಬೇಕು. ರಾಜ್ಯದ ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಇದನ್ನು ಮೊದಲು ಮಾಡಿ ತೋರಿಸಲು ದೆಹಲಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳಿಂದಲೇ ಶುರು ಮಾಡಬಹುದು, ಮತ್ತು ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗಲೇ ಮನೆಯ ನಕ್ಷೆಯನ್ನೂ ಮುಂದಿಟ್ಟು ಕೇಳಬಹುದು. ಕಟ್ಟಿದ ಮೇಲೆ ಗೋಡೆ ಒಡೆದು ಕಿಟಕಿ ಇಡುವುದಕ್ಕಿಂತ ಅದು ಅಗ್ಗ.