ಊರಿಗೆ ಕಣ್ಣಿದ್ದರೆ ಸಾಲದು, ಠಾಣೆಗೆ ಕಿವಿಯೂ ಬೇಕು

ಭಯೋತ್ಪಾದನೆಯನ್ನು ಎದುರಿಸುವುದು ಕಮಾಂಡೋಗಳ, ಗುಪ್ತಚರರ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ದುಷ್ಕೃತ್ಯ ಎಸಗುವವನು ಅದಕ್ಕೆ ಮುನ್ನ ಎಲ್ಲೋ ಕೋಣೆ ಹಿಡಿಯಬೇಕು, ಸಾಮಾನು ಕೊಳ್ಳಬೇಕು, ಬಸ್ಸು ಹತ್ತಬೇಕು. ಆಗ ಅವನನ್ನು ಮೊದಲು ಕಾಣುವವರು ಜನಸಾಮಾನ್ಯರೇ.

2022ರ ನವೆಂಬರ್ 19ರಂದು ಮಂಗಳೂರಿನ ನಾಗುರಿಯಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿ ಚಾಲಕ ಹಾಗೂ ಪ್ರಯಾಣಿಕ ಗಾಯಗೊಂಡರು. ಆರೋಪಿಯಾದ ಆ ಪ್ರಯಾಣಿಕ ಬೇರೊಬ್ಬರ ಆಧಾರ್ ಕಾರ್ಡ್ ತೋರಿಸಿ ಮೈಸೂರಿನಲ್ಲಿ ಕೋಣೆ ಬಾಡಿಗೆಗೆ ಪಡೆದಿದ್ದನೆಂದು ಪೊಲೀಸರು ತಿಳಿಸಿದ್ದರು. ಮನೆ ಮಾಲೀಕರು ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡರೆ ಸಾಲದು, ಬಾಡಿಗೆದಾರರ ವಿವರವನ್ನು ಠಾಣೆಗೂ ತಲುಪಿಸಬೇಕೆಂಬ ಪಾಠ ಇದರಲ್ಲಿದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದು, ಪ್ರತಿ ಬೀಟಿನ ಹೊಣೆ ಒಬ್ಬ ಸಿಬ್ಬಂದಿಗೆ ಸಿಕ್ಕಿತು. ಸ್ಥಳೀಯ ನಾಗರಿಕರನ್ನೂ ಅದರಲ್ಲಿ ಸೇರಿಸಿಕೊಳ್ಳಲಾಯಿತು. ಬೀಟ್ ಪೊಲೀಸರ ಮುಖಪರಿಚಯ ಇದ್ದವರು ಠಾಣೆಯ ಮೆಟ್ಟಿಲು ಹತ್ತಲು ಅಂಜುವುದಿಲ್ಲ.

ಆದರೆ ಜನ ಹೇಳಿದರಷ್ಟೇ ಮುಗಿಯಲಿಲ್ಲ. ನೆರೆಯ ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಮೂರು ಇಗರ್ಜಿಗಳಲ್ಲಿ ಮತ್ತು ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಮಂದಿ ಮಡಿದರು. ದಾಳಿಯ ನಾಯಕನ ಬಗ್ಗೆ ಅವನ ಊರಾದ ಕಾತ್ತಾನ್‌ಕುಡಿಯ ಮುಸ್ಲಿಮರೇ ಮೊದಲು ದೂರಿದ್ದರು. ಭಾರತದಿಂದಲೂ ಮುನ್ನೆಚ್ಚರಿಕೆ ಹೋಗಿತ್ತು. ಕೇಳಬೇಕಾದವರು ಸಕಾಲದಲ್ಲಿ ಕೇಳಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾಜಿ ಅಧ್ಯಕ್ಷರೂ ಪೊಲೀಸ್ ಮುಖ್ಯಸ್ಥರೂ ಸೇರಿದಂತೆ ಹೊಣೆಗಾರರು ಪರಿಹಾರ ನೀಡಬೇಕೆಂದು ಆದೇಶಿಸಿತು.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಎಚ್ಚರಿಸಿದವರು ಅವನದೇ ಸಮುದಾಯದವರು. ಇಡೀ ಸಮುದಾಯವನ್ನೇ ಸಂಶಯದಿಂದ ನೋಡಿದರೆ ಇಂಥ ಬಾಯಿಗಳು ಮುಚ್ಚಿಹೋಗುತ್ತವೆ, ನಷ್ಟ ಎಲ್ಲರಿಗೂ. ಕರಾವಳಿಯ ಮಟ್ಟಿಗೆ ಇದು ದೊಡ್ಡ ಎಚ್ಚರಿಕೆ. ನಿಗಾ ಇರಬೇಕಾದದ್ದು ನಡತೆಯ ಮೇಲೆ. ಹೆಸರು, ಉಡುಪಿನ ಮೇಲಲ್ಲ. ಸಂಶಯ ಬಂದವನನ್ನು ಹಿಡಿದು ಥಳಿಸುವುದು, ವಾಟ್ಸಾಪಿನಲ್ಲಿ ಫೋಟೋ ಹರಡುವುದು ಪೊಲೀಸರಿಗೆ ನೆರವಲ್ಲ.

ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟದೆ 112ಕ್ಕೆ ಕರೆ ಮಾಡೋಣ. ಮಾಹಿತಿ ಕೊಟ್ಟವರ ಹೆಸರನ್ನು ಗುಟ್ಟಾಗಿಟ್ಟು, ಮುಂದೇನಾಯಿತೆಂದು ಅವರಿಗೆ ತಿಳಿಸುವ ಹೊಣೆ ಪೊಲೀಸರದು. ಆ ವಿಶ್ವಾಸವಿದ್ದಲ್ಲಿ ಮಾತ್ರ ಜನ ಎರಡನೇ ಸಲವೂ ಬಾಯಿ ತೆರೆದಾರು.