ಸೋತವರ ಕೈಯಲ್ಲೂ ಪುಸ್ತಕವಿರಲಿ

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ನಮ್ಮಲ್ಲಿ ಅನೇಕರು ಮನೆಮಂದಿಯೊಂದಿಗೆ ಕೂತು ನೋಡಿದ್ದೇವೆ. 2002ರಲ್ಲಿ ಆರಂಭವಾದ ಈ ರಸಪ್ರಶ್ನೆಯನ್ನು ನಡೆಸಿಕೊಡುವವರು ಡಾ. ನಾ. ಸೋಮೇಶ್ವರ. ಇಲ್ಲಿ ಸರಿಯುತ್ತರಕ್ಕೆ ಸಿಗುವ ಬಹುಮಾನ ಹಣವಲ್ಲ, ಕನ್ನಡ ಪುಸ್ತಕ.

ಸ್ಪರ್ಧಿಗಳು ಸಮಬಲದಲ್ಲಿ ಸಾಗಿ ಕೊನೆಯ ಪ್ರಶ್ನೆಗೆ ಬಂದಾಗ ನೋಡುವ ನಾವೂ ಉಸಿರು ಬಿಗಿಹಿಡಿಯುತ್ತೇವೆ. ಗೆಲ್ಲುವುದು ಒಬ್ಬರೇ. ಆದರೆ ಒಂದೇ ಉತ್ತರದಿಂದ ಹಿಂದೆ ಬಿದ್ದವರೂ ತಾವು ಗಳಿಸಿದ ಪುಸ್ತಕಗಳನ್ನು ಹಿಡಿದುಕೊಂಡೇ ಮನೆಗೆ ಹೋಗುತ್ತಾರೆ. ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಹಾಗಿರಲಿಲ್ಲ, ಒಂದು ತಪ್ಪು ಉತ್ತರಕ್ಕೆ ಗೆದ್ದ ಹಣವೂ ಕೈಜಾರಬಹುದಿತ್ತು.

ಇದನ್ನು ಬರೆಯಲು ಕಾರಣವಿದೆ. ತರಗತಿಗಳ ನಡುವಿನ ರಸಪ್ರಶ್ನೆಯೊಂದರಲ್ಲಿ ನಮ್ಮ ತಂಡ ಒಂದೇ ಅಂಕದಿಂದ ಸೋತಿತು. ಕೊನೆಯ ಪ್ರಶ್ನೆ ನಮ್ಮೂರಿನ ಹೆಸರು ಹೊತ್ತ ಆಟಗಾರನದ್ದೇ: ಏಕದಿನ ಪಂದ್ಯಗಳಲ್ಲಿ ಜಾವಗಲ್ ಶ್ರೀನಾಥ್ ಪಡೆದ ವಿಕೆಟ್‌ಗಳೆಷ್ಟು? ಉತ್ತರ 315. ಪಕ್ಕದಲ್ಲಿದ್ದ ಗೆಳತಿಗೆ ಅದು ಗೊತ್ತಿತ್ತು. ‘ಹುಡುಗಿಗೆ ಕ್ರಿಕೆಟ್ ಏನು ಗೊತ್ತು, ತಪ್ಪಾದರೆ ನಗುತ್ತಾರೆ’ ಎಂದು ಹೆದರಿ ಅವಳು ಬಾಯಿ ಬಿಡಲಿಲ್ಲ. ಸೋತದ್ದಕ್ಕಿಂತ ಅವಳು ಸುಮ್ಮನಿದ್ದದ್ದೇ ನನಗೆ ಹೆಚ್ಚು ನೋವು ತಂದಿತು.

ಆದ್ದರಿಂದ ಉಪನ್ಯಾಸಕರಲ್ಲಿ ಒಂದು ವಿನಂತಿ. ಗೆದ್ದ ತಂಡಕ್ಕೆ ಫಲಕ ಇರಲಿ. ಜೊತೆಗೆ ಪ್ರತಿ ಸರಿಯುತ್ತರಕ್ಕೂ ಒಂದು ಪುಸ್ತಕ ಕೊಡಿ, ಹಳೆಯದಾದರೂ ಸರಿ. ಗೆಳೆಯರೇ, ನಿಮ್ಮಲ್ಲೂ ಒಂದು ಮಾತು: ತಪ್ಪು ಉತ್ತರ ಹೇಳಿದವರನ್ನು ನೋಡಿ ನಗಬೇಡಿ. ಮುಂದಿನ ಸಲ ಸೋತರೂ ಚಿಂತೆಯಿಲ್ಲ, ಅವಳು ಉತ್ತರ ಹೇಳಲಿ.