ಕಾಣದ ಸಂಪತ್ತಿನ ಹರಾಜು

ರಸ್ತೆಬದಿಯ ಹುಣಸೆಮರಗಳ ಫಸಲನ್ನು ಪಂಚಾಯಿತಿಯವರು ಹರಾಜು ಹಾಕುವುದನ್ನು ನೀವು ನೋಡಿರಬಹುದು. ಊರವರೆಲ್ಲರ ಎದುರಿನಲ್ಲಿ ಸವಾಲು ನಡೆಯುತ್ತದೆ. ಹೆಚ್ಚು ಕೂಗಿದವನಿಗೆ ಫಸಲು. ಅವನು ಕೊಟ್ಟ ಹಣ ಊರಿಗೆ. ಮರ ಯಾರೊಬ್ಬರ ಸ್ವತ್ತೂ ಅಲ್ಲ. ಆದುದರಿಂದ ಅದರ ಫಲವನ್ನು ಯಾರೂ ಗುಟ್ಟಾಗಿ ತಮಗೆ ಬೇಕಾದವರಿಗೆ ಕೊಡುವಂತಿಲ್ಲ. ಹುಣಸೆಮರಕ್ಕೆ ಸಲ್ಲುವ ಈ ನ್ಯಾಯ ಕಣ್ಣಿಗೆ ಕಾಣದ ರೇಡಿಯೋ ತರಂಗಗಳಿಗೂ ಸಲ್ಲಬೇಡವೇ?

ಮೊಬೈಲ್ ದೂರವಾಣಿಯ ಮಾತು ಆಕಾಶದಲ್ಲಿ ತರಂಗರೂಪದಿಂದ ಸಂಚರಿಸುತ್ತದೆ. ಒಂದೇ ಪ್ರದೇಶದಲ್ಲಿ ಒಂದೇ ತರಂಗಾಂತರವನ್ನು ಇಬ್ಬರು ಬಳಸಿದರೆ ಒಬ್ಬರ ಮಾತು ಇನ್ನೊಬ್ಬರ ಮಾತಿನೊಡನೆ ಕಲಸಿಹೋಗುತ್ತದೆ. ಆದುದರಿಂದ ಇದನ್ನು ಹಂಚುವ ಹೊಣೆಯನ್ನು ಸರಕಾರ ಹೊರಬೇಕಾಗುತ್ತದೆ. ಈ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸಾರಿತು.

ಆದರೆ ಹಂಚುವ ಬಗೆ ಯಾವುದು? ಅಂದು ಜಾರಿಯಲ್ಲಿದ್ದುದು 1885ರ ಭಾರತೀಯ ತಂತಿ ಕಾಯಿದೆ. ರೇಡಿಯೋ ಸಂಪರ್ಕವೇ ಹುಟ್ಟಿರದ ಕಾಲದ ಆ ಶಾಸನ ಪರವಾನಗಿ ನೀಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಹರಾಜಿನ ವಿಷಯದಲ್ಲಿ ಮೌನವಾಗಿತ್ತು. ಈ ಮೌನದ ನಡುವೆ 2008ರ ಜನವರಿಯಲ್ಲಿ, 2001ರಲ್ಲಿ ಗೊತ್ತಾದ ಬೆಲೆಗೆ, ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಪರವಾನಗಿಗಳನ್ನು ಹಂಚಲಾಯಿತು. ಅರ್ಜಿ ಸಲ್ಲಿಸಲು 2007ರ ಅಕ್ಟೋಬರ್ 1 ಎಂದು ಪ್ರಕಟಿಸಿದ್ದ ಗಡುವನ್ನು ಅನಂತರ ಸೆಪ್ಟೆಂಬರ್ 25ಕ್ಕೆ ಹಿಂದೆ ಸರಿಸಲಾಗಿತ್ತು. ಓಟ ಮುಗಿದ ಮೇಲೆ ಗುರಿಯ ಗೆರೆಯನ್ನು ಕದಲಿಸಿದರೆ ಗೆದ್ದವನ ಗೆಲುವಿಗೆ ಬೆಲೆಯೇನು? 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯ 122 ಪರವಾನಗಿಗಳನ್ನು ರದ್ದುಪಡಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯ 2017ರಲ್ಲಿ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತೆಂಬುದನ್ನೂ ನಾವು ಮರೆಯಬಾರದು. ವ್ಯಕ್ತಿ ಅಪರಾಧಿಯೇ ಎಂಬ ಪ್ರಶ್ನೆ ಬೇರೆ. ಅನುಸರಿಸಿದ ಕ್ರಮ ನ್ಯಾಯವಾದುದೇ ಎಂಬ ಪ್ರಶ್ನೆ ಬೇರೆ.

ಹಾಗಾದರೆ ಎಲ್ಲವನ್ನೂ ಹರಾಜು ಹಾಕಬೇಕೇ? ಹಾಗೇನೂ ಇಲ್ಲ. ಎಲ್ಲ ನೈಸರ್ಗಿಕ ಸಂಪತ್ತಿಗೂ ಹರಾಜೊಂದೇ ಮಾರ್ಗವಲ್ಲವೆಂದು ಅದೇ ನ್ಯಾಯಾಲಯ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಭಿಪ್ರಾಯಪಟ್ಟಿತು. ಗಡಿ ಕಾಯುವ ಸೈನಿಕನೂ ನೆರೆಯಲ್ಲಿ ಸಿಕ್ಕವರನ್ನು ರಕ್ಷಿಸುವವನೂ ಸವಾಲು ಕೂಗಿ ತರಂಗಗಳನ್ನು ಪಡೆಯಬೇಕೆನ್ನುವುದು ವಿವೇಕವಲ್ಲ. ಲಾಭಕ್ಕಾಗಿ ಕೇಳುವವರು ಹಲವರಿದ್ದು, ಹಂಚಬೇಕಾದುದು ಅಲ್ಪವಾಗಿರುವಾಗ ಹರಾಜೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕಾಲದ ವಿವೇಕವೂ ಬೇಕು. ನೆಲದೊಳಗಿನ ಅದಿರನ್ನು ಇಂದು ತೆಗೆಯದಿದ್ದರೆ ಅದು ನಾಳೆಗೆ ಉಳಿಯುತ್ತದೆ. ಬಳಸದ ತರಂಗಾಂತರವಾದರೋ ಕಾಲುವೆಗೆ ಹರಿಸದೆ ಕಡಲಿಗೆ ಬಿಟ್ಟ ಹೊಳೆಯ ನೀರಿನಂತೆ. ಇಂದಿನ ಪ್ರಯೋಜನ ಇಂದೇ ನಷ್ಟವಾಗುತ್ತದೆ. 2012ರ ನವೆಂಬರಿನ ಹರಾಜಿನಲ್ಲಿ ಸರಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆ ಹೆಚ್ಚಾಯಿತೆಂದು ದೆಹಲಿ, ಮುಂಬಯಿ, ರಾಜಸ್ಥಾನಗಳಲ್ಲಿಯೂ ನಮ್ಮ ಕರ್ನಾಟಕದಲ್ಲಿಯೂ 1800 ಮೆಗಾಹರ್ಟ್ಸ್ ತರಂಗಾಂತರವನ್ನು ಕೇಳುವವರೇ ಇರಲಿಲ್ಲ. ಆತುರದಿಂದ ನ್ಯಾಯ ಕೆಡುವಂತೆ ಅತಿಯಾಸೆಯಿಂದ ಪ್ರಯೋಜನ ಕೆಡುತ್ತದೆ.

ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆಯನ್ನು ರಚಿಸಿ, ಹರಾಜೇ ಸಾಮಾನ್ಯ ನಿಯಮವೆಂದೂ ರಕ್ಷಣೆ, ವಿಕೋಪ ನಿರ್ವಹಣೆ, ಉಪಗ್ರಹಸೇವೆ ಮುಂತಾದವು ಅದಕ್ಕೆ ಅಪವಾದಗಳೆಂದೂ ವಿಧಿಸಿತು. ಶಾಸನ ಹೀಗೆ ಮಾತಾಡಲು ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಮುಂದೆಯೂ ಹೊಸ ವಿಜ್ಞಾನ ಹಳೆಯ ಶಾಸನವನ್ನು ಹಿಂದಿಕ್ಕುವ ಸಂದರ್ಭಗಳು ಬಂದೇ ಬರುತ್ತವೆ. ಆಗ ಅಧಿಕಾರದಲ್ಲಿರುವವರು ನೀವೇ ಆಗಿರಬಹುದು. ಶಾಸನ ಮೌನವಾಗಿರುವಾಗ ಅದನ್ನು ಅನುಮತಿಯೆಂದು ಬಗೆಯದೆ, ಊರವರ ಎದುರಿನಲ್ಲಿ ನಿಂತು ಈ ಕೆಲಸವನ್ನು ಮಾಡಬಲ್ಲೆನೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಹುಣಸೆಮರದ ಕೆಳಗಿನ ಆ ಬಹಿರಂಗ ಸವಾಲು ನಮಗೆ ಕಲಿಸುವ ಪಾಠ ಇದೇ.